ಮೊಡವೆ ಹೋಯ್ತು, ಗುಳಿ ಉಳೀತು: ಯಾವ ಗುಳಿಗೆ ಯಾವ ಚಿಕಿತ್ಸೆ? ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ಶಿವಮೊಗ್ಗ: ಮದುವೆಗೆ ಇಪ್ಪತ್ತು ದಿನ ಇರುವಾಗ ಮುಖದ ಮೊಡವೆ ಗುಳಿ ಹೋಗಬೇಕು ಅಂತ ಕ್ಲಿನಿಕ್ ಹುಡುಕೋರು ನಮ್ಮ ಜಿಲ್ಲೆಯಲ್ಲಿ ಕಡಿಮೆ ಏನಿಲ್ಲ. ಇಪ್ಪತ್ತು ದಿನದಲ್ಲಿ ಗುಳಿ ಹೋಗೋದಿಲ್ಲ. ಹೋಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ಅಲ್ಲಿಂದ ಎದ್ದು ಬರೋದೇ ಒಳ್ಳೇದು. ಆದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ತಾಳ್ಮೆ ಇದ್ದು, ಗುಳಿ ಯಾವ ಥರದ್ದು ಅಂತ ಸರಿಯಾಗಿ ಗುರುತಿಸಿ ಚಿಕಿತ್ಸೆ ಮಾಡಿದರೆ, ಕನ್ನಡಿಯಲ್ಲಿ ನಿಮಗೇ ಗೊತ್ತಾಗುವಷ್ಟು ವ್ಯತ್ಯಾಸ ಬರುತ್ತೆ. ಹುಟ್ಟಿದಾಗ ಇದ್ದ ಚರ್ಮ ವಾಪಸ್ ಬರಲ್ಲ. ಆಳ ಕಡಿಮೆಯಾಗುತ್ತೆ, ನೆರಳು ಕಡಿಮೆಯಾಗುತ್ತೆ. ಎದುರಿಗೆ ಕೂತವರ ಕಣ್ಣಿಗೆ ಮೊದಲು ಅದೇ ಬೀಳೋದು ತಪ್ಪುತ್ತೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡಬೇಕು. ಮೊಡವೆ ಗುಳಿಗೆ ಒಳ್ಳೆ ಫಲ ಕೊಡುವ ಎರಡು ಚಿಕಿತ್ಸೆಗಳಿಗೆ ದುಬಾರಿ ಮಷಿನ್ನೇ ಬೇಕಾಗಿಲ್ಲ. ಒಂದಕ್ಕೆ ಸೂಜಿ ಸಾಕು, ಇನ್ನೊಂದಕ್ಕೆ ಚೂಪು ಕಡ್ಡಿಯ ತುದಿಯಲ್ಲಿ ಹಚ್ಚುವ ಆಸಿಡ್ ಸಾಕು. ಎರಡಕ್ಕೂ ಬೇಕಾಗಿರೋದು ಕಲಿತ ಕೈ. 'ಬೆಂಗಳೂರಿಗೆ ಹೋಗಿ ಲೇಸರ್ ಮಾಡಿಸದೆ ಬೇರೆ ದಾರಿ ಇಲ್ಲ' ಅಂತ ಸಾಲ ಮಾಡಿ ಹೊರಡುವ ಮೊದಲು ಇದು ಗೊತ್ತಿರಲಿ.

ಕಲೆ ಬೇರೆ, ಗುಳಿ ಬೇರೆ

ಮೊಡವೆ ಒಣಗಿದ ಮೇಲೆ ಉಳಿಯೋದನ್ನೆಲ್ಲ ನಾವು 'ಕಲೆ' ಅಂತಲೇ ಕರೀತೀವಿ. ದುಡ್ಡು ಪೋಲಾಗೋದು ಶುರುವಾಗೋದು ಇಲ್ಲಿಂದಲೇ. ಚರ್ಮದ ಮಟ್ಟದಲ್ಲೇ ಇರುವ ಕಪ್ಪು ಅಥವಾ ಕಂದು ಗುರುತು ಬರೀ ಬಣ್ಣದ ಸಮಸ್ಯೆ. ಮೊಡವೆಯ ಉರಿಯೂತ ಇಳಿದ ಜಾಗದಲ್ಲಿ ಮೆಲನಿನ್ ಅನ್ನೋ ಬಣ್ಣದ ಅಂಶ ಹೆಚ್ಚು ಉಳಿದಿರುತ್ತೆ, ಅಷ್ಟೇ. ನಮ್ಮಂಥ ಕಂದು ಚರ್ಮದವರಿಗೆ ಇದು ಸ್ವಲ್ಪ ಜಾಸ್ತಿ. ಹೊಸ ಮೊಡವೆ ಬರದೆ, ಬಿಸಿಲಿನಿಂದ ಮುಖ ಕಾಪಾಡಿಕೊಂಡರೆ, ಕೆಲವು ತಿಂಗಳಿಂದ ವರ್ಷದೊಳಗೆ ಬಹುಪಾಲು ತಾನಾಗೇ ತಿಳಿಯಾಗುತ್ತೆ. ಡಾಕ್ಟರು ಕೊಡುವ ಅಜೆಲಾಯಿಕ್ ಆಸಿಡ್, ರೆಟಿನಾಯ್ಡ್ ಕ್ರೀಮ್ ಅಥವಾ ಹಗುರವಾದ ಪೀಲ್ ಇದನ್ನ ಇನ್ನಷ್ಟು ಬೇಗ ಮಾಡುತ್ತೆ.

ಗುಳಿ ಹಾಗಲ್ಲ. ಮೊಡವೆಯ ಉರಿಯೂತ ಆಳಕ್ಕೆ ಇಳಿದು, ಚರ್ಮವನ್ನು ಒಳಗಿನಿಂದ ಹಿಡಿದಿಡುವ ಕೊಲಾಜೆನ್ ಅನ್ನೋ ನಾರು ಹಾಳಾದಾಗ ಮೇಲಿನ ಚರ್ಮ ಕುಸಿಯುತ್ತೆ. ಅಡಿಪಾಯದ ಮಣ್ಣು ಕೊಚ್ಚಿಹೋದ ಮೇಲೆ ಗೋಡೆಗೆ ಸುಣ್ಣ ಬಳಿದು ಏನು ಪ್ರಯೋಜನ? ಇದೂ ಹಾಗೇ. ಮೇಲಿಂದ ಹಚ್ಚುವ ಯಾವ ಕ್ರೀಮೂ ಆಳದ ಗುಳಿ ತುಂಬಲ್ಲ. ರೆಟಿನಾಯ್ಡ್ ಕ್ರೀಮ್ ತಿಂಗಳುಗಟ್ಟಲೆ ಹಚ್ಚಿದರೆ ತೀರಾ ಮೇಲ್ಮಟ್ಟದ ಗುಳಿಯಲ್ಲಿ ಅಲ್ಪಸ್ವಲ್ಪ ಸುಧಾರಣೆ ಕಾಣಬಹುದು, ಹೊಸ ಗುಳಿ ಬೀಳೋದೂ ತಪ್ಪುತ್ತೆ. ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ.

ನಿಮ್ಮದು ಯಾವುದು ಅಂತ ಮನೆಯಲ್ಲೇ ನೋಡಿಕೊಳ್ಳಬಹುದು. ರಾತ್ರಿ ರೂಮಿನ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಕೆನ್ನೆಯ ಪಕ್ಕದಿಂದ ಅಡ್ಡಕ್ಕೆ ಬಿಟ್ಟು ಕನ್ನಡಿ ನೋಡಿ. ನೆರಳು ಬಿದ್ದರೆ ಗುಳಿ. ನೆರಳೇ ಇಲ್ಲದೆ ಬರೀ ಬಣ್ಣ ಕಂಡರೆ ಕಲೆ. ಆಮೇಲೆ ಎರಡು ಬೆರಳಲ್ಲಿ ಆ ಜಾಗದ ಚರ್ಮವನ್ನು ಮೆಲ್ಲಗೆ ಎಳೆದು ಹಿಡಿಯಿರಿ. ಗುಳಿ ಸಪಾಟಾದರೆ ಒಂದು ಥರ, ಎಳೆದರೂ ಹಾಗೇ ಇದ್ದರೆ ಇನ್ನೊಂದು ಥರ. ಎಷ್ಟು ತೀವ್ರ ಅಂತ ಅಳೆಯೋಕೆ ಚರ್ಮದ ಡಾಕ್ಟರುಗಳೂ ಇದನ್ನೇ ಮಾಡ್ತಾರೆ. ಜೊತೆಗೆ ಅರ್ಧ ಮೀಟರ್ ದೂರದಿಂದ ಕಾಣುತ್ತಾ ಇಲ್ವಾ ಅಂತಲೂ ನೋಡ್ತಾರೆ.

ಗುಳಿಯಲ್ಲಿ ಮೂರು ಥರ

ಮೊದಲನೆಯದು ಐಸ್ ಪಿಕ್. ದಬ್ಬಣದಲ್ಲಿ ಚುಚ್ಚಿದ ಹಾಗೆ ಬಾಯಿ ಚಿಕ್ಕದು, 2 ಮಿಲಿಮೀಟರಿಗಿಂತ ಕಡಿಮೆ. ಆದರೆ ಆಳ ಜಾಸ್ತಿ. ಎಳೆದರೆ ಹೋಗಲ್ಲ. ಎರಡನೆಯದು ಬಾಕ್ಸ್‌ಕಾರ್: ಸಿಡುಬಿನ ಗುಳಿಯಂತೆ ದುಂಡಗೆ, ಅಂಚು ಕಡಿದಂತೆ ನೇರವಾಗಿ, 1.5ರಿಂದ 4 ಮಿಲಿಮೀಟರ್ ಅಗಲ. ಮೂರನೆಯದು ರೋಲಿಂಗ್. ಇದರ ಅಗಲ 4 ಮಿಲಿಮೀಟರಿಗಿಂತ ಹೆಚ್ಚು, ಅಂಚು ಗೊತ್ತಾಗಲ್ಲ, ಕೆನ್ನೆ ಪೂರ್ತಿ ಏರುತಗ್ಗಾಗಿ ಕಾಣುತ್ತೆ. ಇಲ್ಲಿ ಚರ್ಮದ ಕೆಳಗೆ ನಾರಿನ ದಾರಗಳು ಬೆಳೆದು ಚರ್ಮವನ್ನು ಒಳಕ್ಕೆ ಜಗ್ಗಿ ಹಿಡಿದಿರುತ್ತವೆ. ಬೆರಳಲ್ಲಿ ಎಳೆದಾಗ ಸಪಾಟಾಗೋದು ಹೆಚ್ಚಾಗಿ ಇದೇ.

ಬಹಳ ಜನರ ಮುಖದಲ್ಲಿ ಮೂರೂ ಬೆರಕೆ ಆಗಿರುತ್ತೆ. ಹಾಗಾಗಿ ಪಕ್ಕದ ಮನೆಯವರಿಗೆ ಗುಣವಾದ ಚಿಕಿತ್ಸೆ ನಿಮಗೆ ಆಗಬೇಕಂತಿಲ್ಲ. ಎಲ್ಲರಿಗೂ ಒಂದೇ ಪ್ಯಾಕೇಜ್ ಮಾರುವ ಕ್ಲಿನಿಕ್‌ ಬಗ್ಗೆ ಹುಷಾರಾಗಿರಬೇಕು ಅನ್ನೋದೂ ಇದೇ ಕಾರಣಕ್ಕೆ.

ಮೊದಲು ಮೊಡವೆ ನಿಲ್ಲಲಿ

ಒಂದು ಕಡೆ ಹೊಸ ಮೊಡವೆ ಬರ್ತಾ ಇದ್ದರೆ ಇನ್ನೊಂದು ಕಡೆ ಗುಳಿ ರಿಪೇರಿ ಮಾಡೋದರಲ್ಲಿ ಅರ್ಥ ಇಲ್ಲ. ಕೀವು ತುಂಬಿದ ಮೊಡವೆ ಮೇಲೆ ರೋಲರ್ ಓಡಿಸಿದರೆ ಸೋಂಕು ಮುಖವೆಲ್ಲ ಹರಡುತ್ತೆ. ಹಾಗಾಗಿ ಮೊದಲ ಕೆಲಸ ಮೊಡವೆ ಹತೋಟಿಗೆ ತರೋದು.

ತೀವ್ರವಾದ, ಗಂಟು ಗಂಟಾದ ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ಕೊಡ್ತಾರೆ. ಒಳ್ಳೆ ಔಷಧ, ಆದರೆ ಡಾಕ್ಟರ ಕಣ್ಗಾವಲಲ್ಲೇ ತಗೋಬೇಕು, ರಕ್ತ ಪರೀಕ್ಷೆ ಬೇಕಾಗುತ್ತೆ. ಗರ್ಭಿಣಿಯರು ತಗೊಳ್ಳಲೇಬಾರದು, ಮಗುವಿಗೆ ಗಂಭೀರ ಅಂಗವೈಕಲ್ಯ ಆಗುತ್ತೆ. ಮಾತ್ರೆ ನಿಲ್ಲಿಸಿ ಕನಿಷ್ಠ ಒಂದು ತಿಂಗಳು ಗರ್ಭ ನಿಲ್ಲಬಾರದು. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ಮುಜುಗರ ಪಡದೆ ಡಾಕ್ಟರಿಗೆ ಇದನ್ನ ಹೇಳಬೇಕು. ತಂಗಿ ಚೀಟಿಯಲ್ಲಿ ಅಕ್ಕನೂ ತಂದು ನುಂಗೋ ಮಾತ್ರೆ ಇದಲ್ಲ.

ಈ ಮಾತ್ರೆ ನಿಲ್ಲಿಸಿ ಆರು ತಿಂಗಳು ಮುಖದ ಮೇಲೆ ಯಾವ ಚಿಕಿತ್ಸೆಯನ್ನೂ ಮಾಡಬಾರದು ಅಂತ ಹಿಂದೆ ಹೇಳ್ತಿದ್ರು. 2017ರಲ್ಲಿ ಭಾರತದ ಚರ್ಮ ಶಸ್ತ್ರಚಿಕಿತ್ಸಕರ ಸಂಘವೂ ವಿದೇಶದ ತಜ್ಞರೂ ಪುರಾವೆಗಳನ್ನ ಮತ್ತೆ ಪರಿಶೀಲಿಸಿ, ರೋಲರ್, ಹಗುರ ಪೀಲ್, ಫ್ರ್ಯಾಕ್ಷನಲ್ ಲೇಸರ್‌ಗೆ ಅಷ್ಟು ಕಾಯಬೇಕಿಲ್ಲ ಅಂದ್ರು. ಚರ್ಮ ಉಜ್ಜಿ ತೆಗೆಯುವ ಡರ್ಮಬ್ರೇಷನ್‌ನಂಥವಕ್ಕೆ ಮಾತ್ರ ಹಳೇ ಎಚ್ಚರಿಕೆ ಈಗಲೂ ಇದೆ. ಏನೇ ಇರಲಿ, ಮಾತ್ರೆ ತಗೊಂಡಿದ್ದನ್ನ ಮುಚ್ಚಿಡಬೇಡಿ.

ಕಡ್ಡಿ ತುದಿಯ ಆಸಿಡ್

ದಬ್ಬಣದ ತೂತಿನಂಥ ಐಸ್ ಪಿಕ್ ಗುಳಿಗೆ ಟಿಸಿಎ ಕ್ರಾಸ್ ಅನ್ನೋ ವಿಧಾನ ಇದೆ. ಟ್ರೈಕ್ಲೋರೋ ಅಸಿಟಿಕ್ ಆಸಿಡ್ ಅನ್ನು ಬಹಳ ಗಟ್ಟಿ ಪ್ರಮಾಣದಲ್ಲಿ, ಸಾಮಾನ್ಯವಾಗಿ 70ರಿಂದ 100 ಪರ್ಸೆಂಟ್, ಚೂಪಾದ ಮರದ ಕಡ್ಡಿಯ ತುದಿಯಲ್ಲಿ ತಗೊಂಡು ಒಂದೊಂದೇ ಗುಳಿಯ ತಳಕ್ಕೆ ಮುಟ್ಟಿಸ್ತಾರೆ. ಕೆಲವೇ ಸೆಕೆಂಡಿನಲ್ಲಿ ಆ ಚುಕ್ಕೆ ಬೆಳ್ಳಗಾಗುತ್ತೆ, ಚುರುಗುಟ್ಟುತ್ತೆ. ಆಮೇಲೆ ಹಕ್ಕಳೆ ಕಟ್ಟಿ ಒಂದು ವಾರದಲ್ಲಿ ಉದುರುತ್ತೆ. ಒಳಗೆ ಹೊಸ ಕೊಲಾಜೆನ್ ಬೆಳೆದು ಗುಳಿ ತಳದಿಂದ ಮೇಲೆ ಬರುತ್ತೆ. ಸುಮಾರು ಒಂದು ತಿಂಗಳ ಅಂತರದಲ್ಲಿ ಹಲವು ಸಲ ಮಾಡಬೇಕು. 2002ರಲ್ಲಿ ದಕ್ಷಿಣ ಕೊರಿಯಾದ ವೈದ್ಯರು ಇದನ್ನ ವರದಿ ಮಾಡಿದ ಮೇಲೆ ಎಲ್ಲ ಕಡೆ ಹರಡಿತು.

ಕೇಳೋಕೆ ಸುಲಭ ಅನ್ನಿಸುತ್ತೆ. ಆನ್‌ಲೈನಲ್ಲಿ ಆಸಿಡ್ ಬಾಟಲಿಯೂ ಸಿಗುತ್ತೆ. ದಯವಿಟ್ಟು ಮನೆಯಲ್ಲಿ ಮಾಡಬೇಡಿ. ಗುಳಿಯ ಹೊರಗೆ ಒಂದು ಹನಿ ಹರಿದರೆ ಒಳ್ಳೆ ಚರ್ಮ ಸುಟ್ಟು ಗುಳಿ ಇನ್ನೂ ಅಗಲವಾಗುತ್ತೆ, ಕಣ್ಣಿಗೆ ಹಾರಿದರೆ ಕಣ್ಣಿಗೇ ಕುತ್ತು.

ಸೂಜಿಯಿಂದ ಬಿಡಿಸೋದು

ರೋಲಿಂಗ್ ಗುಳಿಗೆ ಸಬ್‌ಸಿಷನ್. ಜಾಗ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸೂಜಿ ಅಥವಾ ಮೊಂಡು ತುದಿಯ ಕ್ಯಾನುಲಾವನ್ನು ಚರ್ಮದ ಕೆಳಗೆ ಅಡ್ಡಕ್ಕೆ ತೂರಿಸಿ, ಚರ್ಮವನ್ನು ಕೆಳಕ್ಕೆ ಜಗ್ಗಿದ ನಾರುಗಳನ್ನ ಕತ್ತರಿಸ್ತಾರೆ. ಬಿಡುಗಡೆಯಾದ ಚರ್ಮ ಮೇಲೇಳುತ್ತೆ. ಕೆಳಗೆ ಸೇರುವ ಸ್ವಲ್ಪ ರಕ್ತ, ಆಮೇಲೆ ಅಲ್ಲಿ ಬೆಳೆಯುವ ಕೊಲಾಜೆನ್ ಎರಡೂ ಸೇರಿ ಅದು ಮತ್ತೆ ಅಂಟಿಕೊಳ್ಳದಂತೆ ತಡೆಯುತ್ತವೆ. ಈ ವಿಧಾನಕ್ಕೆ ಸಬ್‌ಸಿಷನ್ ಅನ್ನೋ ಹೆಸರು ಬಂದಿದ್ದು 1995ರಲ್ಲಿ.

ಇದರ ಕಷ್ಟವನ್ನೂ ಹೇಳಬೇಕು. ಒಂದೆರಡು ವಾರ ಕೆನ್ನೆ ಊದಿ, ಪೆಟ್ಟು ಬಿದ್ದ ಹಾಗೆ ನೀಲಿ ಕಟ್ಟಿರುತ್ತೆ. ಸೊಸೆ ಮುಖ ಹೀಗಾಗಿದ್ದು ನೋಡಿ ನೆಂಟರು ಮನೆಯವರನ್ನ ಅನುಮಾನದಿಂದ ನೋಡಿದರೂ ಆಶ್ಚರ್ಯವಿಲ್ಲ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳೋರು ಮುಂಚೆಯೇ ಹೇಳಬೇಕು. ದವಡೆ, ಕಪಾಲದ ಹತ್ತಿರ ಮುಖದ ನರ ಹಾದು ಹೋಗೋದರಿಂದ ಅಂಗರಚನೆ ಗೊತ್ತಿರುವ ಡಾಕ್ಟರೇ ಮಾಡಬೇಕು. ಐಸ್ ಪಿಕ್ ಗುಳಿಗೆ ಇದರಿಂದ ಹೆಚ್ಚು ಪ್ರಯೋಜನ ಇಲ್ಲ.

ಆಳವಾದ, ಅಂಚು ಕಡಿದಾದ ಬಾಕ್ಸ್‌ಕಾರ್ ಗುಳಿ ಒಂದೆರಡೇ ಇದ್ದರೆ ಅದನ್ನ ಸಣ್ಣ ಪಂಚ್ ಉಪಕರಣದಿಂದ ದುಂಡಗೆ ಕತ್ತರಿಸಿ ಹೊಲಿಗೆ ಹಾಕ್ತಾರೆ, ಇಲ್ಲವೇ ತಳವನ್ನ ಮೇಲೆತ್ತಿ ಕೂರಿಸ್ತಾರೆ. ದೊಡ್ಡ ಗುಳಿ ಹೋಗಿ ಸಣ್ಣ ಗೆರೆ ಉಳಿಯುತ್ತೆ.

ರೋಲರ್, ಆರ್‌ಎಫ್, ಲೇಸರ್

ಡರ್ಮಾರೋಲರ್ ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಹೆಸರಾಗಿರೋದು. ಸಣ್ಣ ಸೂಜಿಗಳಿರುವ ಉರುಳೆ ಅಥವಾ ಪೆನ್ನಿನಂಥ ಉಪಕರಣದಿಂದ ಚರ್ಮದಲ್ಲಿ ಸಾವಿರಾರು ಸೂಕ್ಷ್ಮ ರಂಧ್ರ ಮಾಡಿ, ಆ ಗಾಯ ಮಾಯುವಾಗ ಹೊಸ ಕೊಲಾಜೆನ್ ಹುಟ್ಟುವಂತೆ ಮಾಡೋದು. ಗುಳಿಗೆ ಸಾಮಾನ್ಯವಾಗಿ 1.5 ಮಿಲಿಮೀಟರ್ ಉದ್ದದ ಸೂಜಿ ಬೇಕು. ಮರಗಟ್ಟಿಸುವ ಕ್ರೀಮ್ ಹಚ್ಚಿ ಮುಕ್ಕಾಲು ಗಂಟೆ ಕಾದು ಮಾಡ್ತಾರೆ, ಸಣ್ಣ ರಕ್ತದ ಚುಕ್ಕೆ ಕಾಣುತ್ತೆ, ಎರಡು ಮೂರು ದಿನ ಮುಖ ಕೆಂಪಗಿರುತ್ತೆ. ನಾಲ್ಕರಿಂದ ಆರು ವಾರಕ್ಕೊಂದರಂತೆ ನಾಲ್ಕಾರು ಸಿಟ್ಟಿಂಗ್. ಮೇಲ್ಮಟ್ಟದ ಬಾಕ್ಸ್‌ಕಾರ್ ಮತ್ತು ರೋಲಿಂಗ್ ಗುಳಿಗೆ ಚೆನ್ನಾಗಿ ಕೆಲಸ ಮಾಡುತ್ತೆ, ಐಸ್ ಪಿಕ್‌ಗೆ ಅಷ್ಟಕ್ಕಷ್ಟೆ. ಮೇಲ್ಪದರ ಸುಡದೇ ಇರೋದರಿಂದ ಕಂದು ಚರ್ಮ ಕಪ್ಪಾಗುವ ಭಯ ಲೇಸರ್‌ಗಿಂತ ಕಡಿಮೆ.

ಆನ್‌ಲೈನಲ್ಲಿ ತರಿಸಿಕೊಳ್ಳುವ 0.2, 0.5 ಮಿಲಿಮೀಟರ್ ರೋಲರ್ ಗುಳಿಯ ತಳ ಮುಟ್ಟೋದೇ ಇಲ್ಲ. ಉದ್ದ ಸೂಜಿಯದ್ದು ತರಿಸಿದರೆ ಸೋಂಕಿನ ಅಪಾಯ. ಒಬ್ಬರಿಗೆ ಬಳಸಿದ ರೋಲರ್ ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್, ಎಚ್‌ಐವಿ ಕೂಡ ಹರಡಬಹುದು. ಇದು ಹೆದರಿಸೋ ಮಾತಲ್ಲ. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಸ್ಪಾ ಒಂದರಲ್ಲಿ ಸೂಜಿ ಮತ್ತು ರಕ್ತ ಬಳಸುವ ಫೇಶಿಯಲ್ ಮಾಡಿಸಿಕೊಂಡವರಿಗೆ ಎಚ್‌ಐವಿ ಬಂದಿದ್ದನ್ನ ಅಲ್ಲಿನ ಸಿಡಿಸಿ ಸಂಸ್ಥೆ 2024ರಲ್ಲಿ ವರದಿ ಮಾಡಿದೆ. ಪಾರ್ಲರ್‌ನಲ್ಲಿ ಕಡಿಮೆ ರೇಟಿಗೆ ರೋಲರ್ ಮಾಡ್ತೀವಿ ಅಂದರೆ ಬೇಡ ಅನ್ನಿ. ಕ್ಲಿನಿಕ್‌ನಲ್ಲೂ ಪ್ಯಾಕೆಟ್ಟನ್ನ ನಿಮ್ಮ ಕಣ್ಣೆದುರೇ ಒಡೆಯೋಕೆ ಹೇಳಿ. ಒಳ್ಳೆ ಡಾಕ್ಟರಿಗೆ ಬೇಜಾರಾಗಲ್ಲ.

ಅದೇ ಸೂಜಿಯ ತುದಿಯಿಂದ ಒಳಪದರಕ್ಕೆ ಬಿಸಿ ಕೊಡೋದು ಆರ್‌ಎಫ್ ಮೈಕ್ರೋನೀಡ್ಲಿಂಗ್. ರೋಲರ್‌ಗಿಂತ ದುಬಾರಿ. ನಿಮ್ಮದೇ ರಕ್ತ ತೆಗೆದು ಪ್ಲೇಟ್‌ಲೆಟ್ ಬೇರ್ಪಡಿಸಿ ಹಚ್ಚುವ ಪಿಆರ್‌ಪಿಯನ್ನು ಇವುಗಳ ಜೊತೆಗೆ ಮಾಡ್ತಾರೆ. ಜೊತೆಗೆ ಇದ್ದರೆ ಸ್ವಲ್ಪ ಅನುಕೂಲ, ಅದೊಂದನ್ನೇ ನೆಚ್ಚಿಕೊಂಡರೆ ಪ್ರಯೋಜನ ಕಡಿಮೆ. ಫಿಲ್ಲರ್ ಇಂಜೆಕ್ಷನ್‌ನಿಂದ ಗುಳಿ ಕೂಡಲೇ ತುಂಬುತ್ತೆ, ಆದರೆ ಹೈಲುರಾನಿಕ್ ಆಸಿಡ್ ಫಿಲ್ಲರ್ ತಿಂಗಳುಗಳಲ್ಲಿ ಕರಗುತ್ತೆ, ಮತ್ತೆ ಹಾಕಿಸಬೇಕು.

ಇನ್ನು ಲೇಸರ್. ಗುಳಿಗೆ ಬಳಸೋದು ಫ್ರ್ಯಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಅಥವಾ ಅರ್ಬಿಯಂ ಲೇಸರ್. ಇಡೀ ಚರ್ಮ ಸುಡುವ ಬದಲು ಚುಕ್ಕೆ ಚುಕ್ಕೆಯಾಗಿ ಸುಟ್ಟು, ನಡುವಿನ ಒಳ್ಳೆ ಚರ್ಮ ಬೇಗ ಮಾಯಿಸುವಂತೆ ಬಿಡೋದು ಇದರ ಗುಟ್ಟು. ಬಾಕ್ಸ್‌ಕಾರ್ ಗುಳಿಯ ಅಂಚು ಸವೆಸೋಕೆ ಒಳ್ಳೇದು. ಐದಾರು ದಿನ ಮುಖ ಕಂದಾಗಿ ಹಕ್ಕಳೆ ಉದುರುತ್ತೆ. ಕಂದು ಚರ್ಮದಲ್ಲಿ ಶಕ್ತಿ ಜಾಸ್ತಿ ಇಟ್ಟರೆ ಕಪ್ಪು ಕಲೆ ಬರುತ್ತೆ, ಅದು ಹೋಗೋಕೆ ತಿಂಗಳುಗಳು ಬೇಕು. ಬಾಯಿ ಸುತ್ತ ಆಗಾಗ ನೀರುಗುಳ್ಳೆ ಏಳುವವರು ಮುಂಚೆಯೇ ಹೇಳಿದರೆ ಡಾಕ್ಟರು ಅದಕ್ಕೆ ಮಾತ್ರೆ ಕೊಡ್ತಾರೆ. ಹೇಳದಿದ್ದರೆ ಲೇಸರ್ ಆದ ಮೇಲೆ ಗುಳ್ಳೆ ಮುಖವೆಲ್ಲ ಹಬ್ಬಬಹುದು.

ಇಲ್ಲಿ ನಮ್ಮ ಜಿಲ್ಲೆಯವರು ಯೋಚಿಸಬೇಕಾದ್ದು ಒಂದಿದೆ. ಲೇಸರ್, ಪೀಲ್ ಆದ ಮೇಲೆ ಕೆಲವು ವಾರ ಬಿಸಿಲು ತಾಗಬಾರದು. ಶುಂಠಿ ಹೊಲದಲ್ಲಿ, ಗದ್ದೆಯಲ್ಲಿ, ಬೈಕಲ್ಲಿ ಊರೂರು ಸುತ್ತೋ ಕೆಲಸದಲ್ಲಿ ಇರೋರಿಗೆ ಇದು ಆಗದ ಮಾತು. ಅಡಿಕೆ ಬೇಯಿಸುವ ಹಂಡೆ ಮುಂದೆ ದಿನಗಟ್ಟಲೆ ನಿಲ್ಲೋರೂ ಆ ಬಿಸಿಯಿಂದ ದೂರ ಇರಬೇಕಾಗುತ್ತೆ. ಅಂಥವರಿಗೆ ಸಬ್‌ಸಿಷನ್, ರೋಲರ್ ಹೆಚ್ಚು ಹೊಂದುತ್ತೆ. ನಿಮ್ಮ ಕೆಲಸ ಏನು ಅಂತ ಕೇಳದೇ ಲೇಸರ್‌ಗೆ ಡೇಟ್ ಕೊಟ್ಟರೆ ನೀವೇ ಬಾಯಿಬಿಟ್ಟು ಹೇಳಿ. ಸನ್‌ಸ್ಕ್ರೀನ್ ಯಾವ ಚಿಕಿತ್ಸೆಯಾದರೂ ಬೇಕೇ ಬೇಕು: ಎಸ್‌ಪಿಎಫ್ 30 ಅಥವಾ ಮೇಲಿನದ್ದು, ಎರಡು ಬೆರಳುದ್ದ, ಹೊರಗಿದ್ದರೆ ಎರಡು ಮೂರು ಗಂಟೆಗೊಮ್ಮೆ. ಮೋಡ ಇದ್ದರೂ ಬಿಡಬಾರದು.

ಗುಳಿಯಲ್ಲ, ಉಬ್ಬಿದ್ದರೆ

ದವಡೆ ಅಂಚು, ಎದೆ, ಹೆಗಲು, ಬೆನ್ನಲ್ಲಿ ಮೊಡವೆ ಹೋದ ಜಾಗ ಗಟ್ಟಿಯಾಗಿ ಉಬ್ಬಿ ತುರಿಸ್ತಾ ಇದ್ದರೆ ಅದು ಕೀಲಾಯ್ಡ್ ಆಗಿರಬಹುದು. ಇದನ್ನ ಕತ್ತರಿಸಿ ಸುಮ್ಮನೆ ಬಿಟ್ಟರೆ ಮೊದಲಿಗಿಂತ ದೊಡ್ಡದಾಗಿ ಬೆಳೆಯೋದುಂಟು. ಟ್ರಯಾಮ್ಸಿನೊಲೋನ್ ಇಂಜೆಕ್ಷನ್ ಗಂಟಿನೊಳಗೇ ಕೊಡೋದು, ಸಿಲಿಕಾನ್ ಜೆಲ್ ಅಥವಾ ಹಾಳೆ ಅಂಟಿಸೋದು ಇದರ ಮುಖ್ಯ ಚಿಕಿತ್ಸೆ. ಮನೆಯಲ್ಲಿ ಯಾರಿಗಾದ್ರೂ ಕಿವಿ ಚುಚ್ಚಿಸಿದ ಜಾಗ ಗಂಟಾಗಿ ಬೆಳೆದಿದ್ದರೆ ಗುಳಿ ಚಿಕಿತ್ಸೆಗೆ ಹೋದಾಗಲೂ ಅದನ್ನ ಹೇಳಿ.

ಬೆಳ್ಳಗಾಗೋ ಕ್ರೀಮಿನ ಬಲೆ

ಇಷ್ಟೆಲ್ಲ ಓದೋದಕ್ಕಿಂತ ಮೆಡಿಕಲ್ ಶಾಪಲ್ಲಿ ಒಂದು ಟ್ಯೂಬ್ ತರೋದು ಸುಲಭ. ಅಲ್ಲೇ ಬಹಳ ಜನ ಬೀಳೋದು. ಸ್ಟಿರಾಯ್ಡ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮೂರೂ ಬೆರೆಸಿದ ಮುಲಾಮು ಹಚ್ಚಿದರೆ ವಾರದಲ್ಲಿ ಮುಖ ಬೆಳ್ಳಗೆ, ನುಣ್ಣಗೆ ಕಾಣುತ್ತೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪು ರಕ್ತನಾಳ ಎದ್ದು, ಮುಖದಲ್ಲಿ ಕೂದಲು ಬೆಳೆದು, ಮೊಡವೆ ಮೊದಲಿಗಿಂತ ಜೋರಾಗಿ ವಾಪಸ್ ಬರುತ್ತೆ. ಬಿಟ್ಟರೆ ಉರಿ, ಹಚ್ಚಿದರೆ ಹಾಳು ಅನ್ನೋ ಸ್ಥಿತಿ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟಿರಾಯ್ಡ್ ಮುಲಾಮುಗಳನ್ನ ಶೆಡ್ಯೂಲ್ ಎಚ್‌ಗೆ ಸೇರಿಸಿ, ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿದೆ. ಟ್ಯೂಬಿನ ಮೇಲೆ ಕ್ಲೋಬೆಟಾಸೋಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಅಂತ ಇದ್ದರೆ ಅದು ಸ್ಟಿರಾಯ್ಡ್. ಈಗಾಗಲೇ ಹಚ್ಚುತ್ತಿದ್ದರೆ ಏಕಾಏಕಿ ನಿಲ್ಲಿಸದೆ ಟ್ಯೂಬ್ ಸಮೇತ ಡಾಕ್ಟರ ಹತ್ತಿರ ಹೋಗಿ.

ಮನೆಮದ್ದಿನಲ್ಲಿ ಲೋಳೆಸರ, ಗಂಧದಿಂದ ಸಾಮಾನ್ಯವಾಗಿ ತೊಂದರೆ ಇಲ್ಲ, ಗುಳಿಯೂ ತುಂಬಲ್ಲ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಮಾತ್ರ ಸುಟ್ಟಂತೆ ಕಪ್ಪಾಗುತ್ತೆ. ಟೂತ್‌ಪೇಸ್ಟ್, ಅಡುಗೆ ಸೋಡ ಬೇಡವೇ ಬೇಡ.

ಎಲ್ಲಿ ತೋರಿಸೋದು, ಏನು ಕೇಳೋದು

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಸರ್ಕಾರಿ ಮೆಡಿಕಲ್ ಕಾಲೇಜಿನದು, ಚರ್ಮರೋಗ ವಿಭಾಗ ಇದೆ. ಓಪಿಡಿ ಚೀಟಿ ಮಾಡಿಸಿ, ಗುಳಿ ಯಾವ ಥರ, ಇಲ್ಲಿ ಯಾವ ಚಿಕಿತ್ಸೆ ಸಿಗುತ್ತೆ ಅಂತ ಕೇಳಿ. ಮುಂದೆ ಖಾಸಗಿಗೆ ಹೋಗೋದಾದರೂ ಆ ಮಾತು ಕೈಯಲ್ಲಿರುತ್ತೆ. ಚರ್ಮದ ವಿಭಾಗದ ಹೆಸರಲ್ಲಿ ಲೈಂಗಿಕ ರೋಗ, ಕುಷ್ಠರೋಗ ಅಂತಲೂ ಸೇರಿರುತ್ತೆ, ಆ ಬೋರ್ಡ್ ಕೆಳಗೆ ಕೂರೋಕೆ ಹುಡುಗಿಯರು ಹಿಂಜರಿಯುತ್ತಾರೆ. ಮೂರೂ ಒಂದೇ ಓದಿನ ಭಾಗ, ಎಂ.ಡಿ. ಡಿವಿಎಲ್ ಅನ್ನೋ ಪದವಿಯ ಅರ್ಥವೇ ಅದು. ಹಾಗೆ ನೋಡಿದರೆ ನೀವು ಹುಡುಕಬೇಕಾದ್ದೂ ಅದೇ ಅಕ್ಷರಗಳನ್ನ: ಎಂ.ಡಿ. ಡಿವಿಎಲ್, ಡಿಡಿವಿಎಲ್ ಅಥವಾ ಡಿಎನ್‌ಬಿ ಚರ್ಮರೋಗ. ಬರೀ 'ಕಾಸ್ಮೆಟಾಲಜಿಸ್ಟ್' ಅಂತ ಬೋರ್ಡ್ ಇದ್ದರೆ ಓದಿದ್ದು ಏನು ಅಂತ ಕೇಳಿ. ಖಾಸಗಿ ಕ್ಲಿನಿಕ್‌ಗೆ ಕೆಪಿಎಂಇ ಕಾಯ್ದೆಯಡಿ ನೋಂದಣಿ ಇರಬೇಕು, ಅದು ಕಾಣುವಂತೆ ಹಾಕಿರಬೇಕು. ಇಲ್ಲದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ದೂರು ಕೊಡಬಹುದು.

ಖಾಸಗಿಯಲ್ಲಿ ಖರ್ಚು ಒಂದೊಂದು ಸಿಟ್ಟಿಂಗ್‌ಗೂ ಸಾವಿರಗಳ ಲೆಕ್ಕದಲ್ಲಿ ಹೋಗುತ್ತೆ. ಸೌಂದರ್ಯದ ಚಿಕಿತ್ಸೆ ಅಂತ ಹೇಳಿ ಆರೋಗ್ಯ ವಿಮೆಯಲ್ಲಿ ಸಾಮಾನ್ಯವಾಗಿ ಇದಕ್ಕೆ ದುಡ್ಡು ಬರಲ್ಲ. ಎಂಟು ಸಿಟ್ಟಿಂಗ್‌ಗೆ ಒಟ್ಟಿಗೆ ಕಟ್ಟಿದರೆ ಡಿಸ್ಕೌಂಟ್ ಅಂದರೆ ಒಪ್ಪಬೇಡಿ, ಒಂದೊಂದಕ್ಕೇ ಕಟ್ಟಿ. ಮೊದಲ ದಿನವೇ ಅದೇ ಜಾಗ, ಅದೇ ಲೈಟು, ಪಕ್ಕದ ಬೆಳಕಲ್ಲಿ ಎರಡೂ ಕೆನ್ನೆಯ ಫೋಟೋ ತೆಗೆದಿಡಿ. ಮೂರನೇ ಸಿಟ್ಟಿಂಗ್ ಆಗಿ ಒಂದು ತಿಂಗಳ ಮೇಲೆ ಹಾಗೇ ತೆಗೆದು ಹೋಲಿಸಿ. ಕೊಲಾಜೆನ್ ಬೆಳೆಯೋಕೆ ಮೂರರಿಂದ ಆರು ತಿಂಗಳು ಬೇಕಾಗೋದರಿಂದ ಪೂರ್ತಿ ಫಲ ಆಗಲೇ ಕಾಣಲ್ಲ, ಆದರೆ ಏನೂ ಬದಲಾಗದೇ ಇದ್ದರೆ ವಿಧಾನ ಬದಲಿಸಬೇಕಾ ಅಂತ ಡಾಕ್ಟರನ್ನ ಕೇಳೋಕೆ ಅದೇ ಸರಿಯಾದ ಸಮಯ.

ಮದುವೆ ಲೆಕ್ಕಕ್ಕೆ ಬಂದರೆ, ನಮ್ಮ ಕಡೆ ಆಷಾಢದಲ್ಲಿ ಮದುವೆ ಇರಲ್ಲ, ಬಿಸಿಲೂ ಕಡಿಮೆ. ಮಾಘ, ವೈಶಾಖದಲ್ಲಿ ಮುಹೂರ್ತ ಇಡೋ ಅಂದಾಜು ಇದ್ದರೆ ಆಷಾಢದಲ್ಲೇ ಮೊದಲ ಸಲ ಡಾಕ್ಟರನ್ನ ನೋಡಿ. ಸಬ್‌ಸಿಷನ್ ಅಥವಾ ಕ್ರಾಸ್ ಮುಗಿಸಿ, ಮೂರ್ನಾಲ್ಕು ರೋಲರ್ ಆಗಿ, ಚರ್ಮ ಸುಧಾರಿಸಿಕೊಳ್ಳೋಕೂ ಟೈಮ್ ಸಿಗುತ್ತೆ. ಮದುವೆಗೆ ಮುಂಚಿನ ಕೊನೇ ಒಂದೂವರೆ ತಿಂಗಳು ಮುಖಕ್ಕೆ ಹೊಸದೇನೂ ಮಾಡಿಸಬೇಡಿ, ಮುಹೂರ್ತದ ಹಿಂದಿನ ವಾರ ಪಾರ್ಲರಿನ 'ಬ್ರೈಡಲ್ ಪೀಲ್' ಕೂಡ.